ಕಂಡರೂ ಪ್ರಮಾಣಿಸಿ ನೋಡು
ಪುಣೆಯಲ್ಲಿ ನವವಿವಾಹಿತೆಯೊಬ್ಬರು ಸಯನೈಡ್‌ನಿಂದ ಸತ್ತರು. ಕಣ್ಣಾರೆ ಕಂಡವರಿಲ್ಲ. ಕೊಲೆಯೆಂದು ಪತಿಗೆ ವಿಧಿಸಿದ ಗಲ್ಲುಶಿಕ್ಷೆಯನ್ನು ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು. ಆತ್ಮಹತ್ಯೆಯ ಸಾಧ್ಯತೆ ತಳ್ಳಿಹಾಕಲಾಗದೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆತನನ್ನು ಖುಲಾಸೆಗೊಳಿಸಿತು. ಸಾಂದರ್ಭಿಕ ಸಾಕ್ಷ್ಯಕ್ಕೆ ಅಂದು ಹೇಳಿದ ಐದು ಸೂತ್ರಗಳೇ ‘ಪಂಚಶೀಲ’. ಅದರ ಸಾರ: ಪ್ರತಿ ಸಂಗತಿಯೂ ಸಾಬೀತಾಗಬೇಕು, ಕೊಂಡಿಗಳು ಸರಪಳಿಯಾಗಬೇಕು, ಬೇರೆ ವಿವರಣೆಗೆ ಎಡೆಯಿರಬಾರದು. ‘ಮಾಡಿರಬಹುದು’ ಸಾಲದು, ‘ಮಾಡಿರಲೇಬೇಕು’ ಎನ್ನುವಂತಿರಬೇಕು.

ನಮ್ಮ ಫ್ಲ್ಯಾಟ್‌ಗಳಲ್ಲಿ ಉಂಗುರ ಕಾಣದಾದರೆ ಬೆರಳು ಮೊದಲು ತೋರುವುದು ಮನೆಗೆಲಸದವಳತ್ತ. ಅವಳು ಆ ಕೋಣೆ ಗುಡಿಸಿದ್ದಳು ಎಂಬುದೊಂದೇ ಕೊಂಡಿ. ಉಂಗುರ ಸೋಫಾದಡಿ ಉರುಳಿರಲೂಬಹುದು. ಒಂದು ಮನೆಯ ಅನುಮಾನ ಇಡೀ ಸೊಸೈಟಿಯಲ್ಲಿ ಅವಳ ಅನ್ನ ಕಸಿಯುತ್ತದೆ. ಅವಳಿಗೆ ಮೇಲ್ಮನವಿಯೂ ಇಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಬರೆಯುವ ಮುನ್ನ ಸೋಫಾ ಸರಿಸಿ ನೋಡೋಣ.