ಹಾಸ್ಟೆಲ್ ಕೋಣೆಯ ಬೆಕ್ಕಿಗೊಂದು ಪತ್ರ

ಅಮೆರಿಕದ ಕಾಲೇಜು ಹಾಸ್ಟೆಲುಗಳಲ್ಲಿ ಸಾಕುಪ್ರಾಣಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಹೆಚ್ಚೆಂದರೆ ಗಾಜಿನ ತೊಟ್ಟಿಯಲ್ಲಿ ನಾಲ್ಕು ಮೀನು. ಆದರೂ ಕೆಲವು ಕೋಣೆಗಳಲ್ಲಿ ಬೆಕ್ಕೋ ಮೊಲವೋ ಅಧಿಕೃತವಾಗಿಯೇ ಬೀಡುಬಿಟ್ಟಿರುತ್ತದೆ. ತೀವ್ರ ಆತಂಕ, ಖಿನ್ನತೆಯಂಥ ತೊಂದರೆ ಇರುವ ವಿದ್ಯಾರ್ಥಿಗೆ ಆ ಪ್ರಾಣಿಯ ಒಡನಾಟ ಬೇಕೆಂದು ಚಿಕಿತ್ಸಕರು ಬರೆದುಕೊಟ್ಟ ಪತ್ರವೇ ಅದರ ರಹದಾರಿ. ಇಂಥ ಪ್ರಾಣಿಯನ್ನು ಅಲ್ಲಿ ಎಮೋಷನಲ್ ಸಪೋರ್ಟ್ ಅನಿಮಲ್, ಚುಟುಕಾಗಿ ಇಎಸ್‌ಎ, ಎನ್ನುತ್ತಾರೆ.

ದೃಷ್ಟಿಯಿಲ್ಲದವರಿಗೆ ದಾರಿ ತೋರುವ ನಾಯಿ ಬೇರೆ, ಇದು ಬೇರೆ. ಅದು ನಿರ್ದಿಷ್ಟ ಕೆಲಸಕ್ಕೆ ಪಳಗಿದ ಸರ್ವಿಸ್ ಡಾಗ್. 1990ರ ಅಂಗವಿಕಲರ ಕಾಯ್ದೆಯ ಬಲದಿಂದ ತರಗತಿ, ಗ್ರಂಥಾಲಯ, ಕ್ಯಾಂಟೀನುಗಳಿಗೂ ಹೋಗುತ್ತದೆ. ಇಎಸ್‌ಎಗೆ ತರಬೇತಿ ಬೇಕಿಲ್ಲ, ಜೊತೆಗಿದ್ದರೆ ಸಾಕು. ಹಾಗಾಗಿ ಅದರ ಹಕ್ಕು ವಾಸದ ಕೋಣೆಯವರೆಗೆ ಮಾತ್ರ. ಆ ಹಕ್ಕಿನ ಮುಖ್ಯ ಮೂಲ 1968ರ ಫೇರ್ ಹೌಸಿಂಗ್ ಆಕ್ಟ್ ಎಂಬ ವಸತಿ ಕಾಯ್ದೆ. ಅದರೊಳಗೆ ಅಂಗವೈಕಲ್ಯ ಸೇರಿದ್ದು 1988ರಲ್ಲಿ.

ಹಾಸ್ಟೆಲನ್ನು ಮನೆ ಎನ್ನಬಹುದೇ ಎಂಬ ತಕರಾರು ಆಮೇಲೂ ಉಳಿದಿತ್ತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಕಿಯರ್ನಿ ಕ್ಯಾಂಪಸ್ಸಿನ ವಿದ್ಯಾರ್ಥಿನಿಯೊಬ್ಬಳು ತನ್ನ ಪುಟಾಣಿ ಮಿನಿಯೇಚರ್ ಪಿನ್ಷರ್ ನಾಯಿಗೆ ಅನುಮತಿ ಕೇಳಿದಳು, ಸಿಗಲಿಲ್ಲ. ವಿದ್ಯಾರ್ಥಿಗಳು ಬಂದುಹೋಗುವವರು, ಈ ಕಾಯ್ದೆ ಅವರ ವಸತಿಗೆ ಅನ್ವಯಿಸದು ಎಂಬುದು ವಿಶ್ವವಿದ್ಯಾಲಯದ ವಾದ. 2013ರಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2015ರಲ್ಲಿ 1,40,000 ಡಾಲರ್ ಕೊಡಲು ಒಪ್ಪಿ ವಿಶ್ವವಿದ್ಯಾಲಯ ರಾಜಿಯಾಯಿತು.

ಪತ್ರ ಉದ್ದವಾಗಿರಬೇಕಿಲ್ಲ. ವೈದ್ಯರ ಇಲ್ಲವೇ ಪರವಾನಗಿ ಪಡೆದ ಮನೋಚಿಕಿತ್ಸಕರ ಲೆಟರ್‌ಹೆಡ್, ಪರವಾನಗಿ ಸಂಖ್ಯೆ, ತಾರೀಖು, ರುಜು. ವಿದ್ಯಾರ್ಥಿ ತಮ್ಮ ಚಿಕಿತ್ಸೆಯಲ್ಲಿದ್ದಾರೆ, ನಿತ್ಯದ ಬದುಕಿಗೆ ಅಡ್ಡಿಯಾಗುವ ತೊಂದರೆ ಅವರಿಗಿದೆ, ಈ ಪ್ರಾಣಿಯಿಂದ ಅದು ಹೀಗೆ ತಗ್ಗುತ್ತದೆ ಎಂಬ ನಾಲ್ಕು ಸಾಲು. ಈ ಕೊನೆಯ ಸಾಲೇ ಪತ್ರದ ಜೀವಾಳ. ರಾತ್ರಿ ಗಾಬರಿಯಿಂದ ಎಚ್ಚರಾದವಳು ಬೆಕ್ಕಿನ ಮೈಸವರುತ್ತ ಉಸಿರು ಹದಕ್ಕೆ ತಂದುಕೊಳ್ಳುತ್ತಾಳೆ ಎಂದರೆ ಅದು ಚಿಕಿತ್ಸೆಯ ಮಾತು. ಬೆಕ್ಕೆಂದರೆ ಅವಳಿಗೆ ಪ್ರಾಣ ಎಂದರೆ ಬರೀ ಅಕ್ಕರೆ. ಪತ್ರವನ್ನು ಒಪ್ಪಿಸಬೇಕಾದ್ದು ಸಾಮಾನ್ಯವಾಗಿ ಅಂಗವೈಕಲ್ಯ ಸೇವೆಗಳ ಕಚೇರಿಗೆ, ಪ್ರಾಣಿಯನ್ನು ತರುವ ಮೊದಲೇ.

ಇಂಟರ್‌ನೆಟ್ಟಿನಲ್ಲಿ ದುಡ್ಡು ತೆತ್ತರೆ ಹೊಳೆಯುವ ಪ್ರಮಾಣಪತ್ರ, ಗುರುತಿನ ಚೀಟಿ, ನಾಯಿಗೊಂದು ಕೆಂಪು ಅಂಗಿ ಕೂಡ ಬರುತ್ತವೆ. ಇವೆಲ್ಲ ಪ್ರಾಣಿಯ ಬಗೆಗಿನ ಕಾಗದ. ಕಾನೂನು ಕೇಳುವುದು ಮನುಷ್ಯರ ಬಗೆಗಿನದು. ಇಎಸ್‌ಎಗಳಿಗೆ ಸರ್ಕಾರಿ ನೋಂದಣಿ ಎಂಬುದೇ ಅಮೆರಿಕದಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2022ರಿಂದ, ನಾಯಿಗಾಗಿ ಪತ್ರ ಬರೆಯುವ ಚಿಕಿತ್ಸಕರಿಗೆ ಅದನ್ನು ಕೇಳಿದ ವ್ಯಕ್ತಿಯ ಪರಿಚಯ ಕನಿಷ್ಠ 30 ದಿನದ್ದಾಗಿರಬೇಕು.

ಅನುಮತಿ ಸಿಕ್ಕ ಪ್ರಾಣಿಗೆ ಸಾಕುಪ್ರಾಣಿ ಶುಲ್ಕವಿಲ್ಲ, ಆದರೆ ಹರಿದ ಹಾಸಿಗೆಗೆ ದಂಡವುಂಟು. ಕೋಣೆಯ ಜೊತೆಗಾತಿಗೆ ಬೆಕ್ಕಿನ ಕೂದಲು ಅಲರ್ಜಿಯಾದರೆ ಇಬ್ಬರಲ್ಲೊಬ್ಬರು ಕೋಣೆ ಬದಲಿಸಬೇಕಾಗಬಹುದು. ಇನ್ನು ವಿಮಾನ: 2021ರ ಜನವರಿಯಿಂದ ಅಮೆರಿಕದ ನಿಯಮದಂತೆ ವಿಮಾನ ಕಂಪನಿಗಳು ಇಎಸ್‌ಎಯನ್ನು ಮಾಮೂಲಿ ಸಾಕುಪ್ರಾಣಿಯೆಂದೇ ಎಣಿಸಬಹುದು. ರಜೆಗೆ ಬೆಂಗಳೂರಿಗೆ ಬರುವ ವಿದ್ಯಾರ್ಥಿನಿಗೆ ವಿಮಾನದಲ್ಲಿ ಆ ಪತ್ರ ನೆರವಾಗದು. ಬೆಕ್ಕನ್ನು ಬೀಗ ಹಾಕಿದ ಕೋಣೆಯಲ್ಲಿ ಬಿಟ್ಟುಬರಲು ಹಾಸ್ಟೆಲಿನವರೂ ಬಿಡುವುದಿಲ್ಲ. ಯಾರಾದರೂ ಗೆಳತಿಯ ಮನೆ ಹುಡುಕಬೇಕು.