ಎಪ್ಪತ್ತು ದಾಟಿದರೂ ಬುದ್ಧಿ ಬಾರದ ಹುಡುಗರು

1951ರ ಮಾರ್ಚ್ 12, ಸೋಮವಾರ. ಅಟ್ಲಾಂಟಿಕ್ ಸಾಗರದ ಆ ದಡದಲ್ಲೊಬ್ಬ, ಈ ದಡದಲ್ಲೊಬ್ಬ, ಒಂದೇ ದಿನ ಇಬ್ಬರು ಕಿಡಿಗೇಡಿ ಹುಡುಗರು ಹುಟ್ಟಿದರು. ಇಬ್ಬರಿಗೂ ಒಂದೇ ಹೆಸರು: ಡೆನಿಸ್ ದ ಮೆನೇಸ್! ಅಮೆರಿಕದವನನ್ನು ನಾವು ಬಲ್ಲೆವು. ಹ್ಯಾಂಕ್ ಕೆಚಮ್ ಬರೆದ ಆ ಪೋರ ನಮ್ಮ ಇಂಗ್ಲಿಷ್ ಪೇಪರುಗಳಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿದ್ದ. ಇನ್ನೊಬ್ಬ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ, ಡಿ.ಸಿ. ಥಾಮ್ಸನ್ ಕಂಪನಿಯ ‘ದ ಬೀನೋ’ ಎಂಬ ಮಕ್ಕಳ ಚಿತ್ರಕಥೆಗಳ ವಾರಪತ್ರಿಕೆಯಲ್ಲಿ. ಇವನ ಸುದ್ದಿ ಅವರಿಗೆ ಗೊತ್ತಿಲ್ಲ, ಅವನ ಸುದ್ದಿ ಇವರಿಗೆ ಗೊತ್ತಿಲ್ಲ. ಕದ್ದದ್ದಲ್ಲ, ಕೇಳಿ ತಂದದ್ದಲ್ಲ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ‘ಇದು ಅತಿಯಾಯ್ತು ಮಾರಾಯ’ ಅಂತ ಸಂಪಾದಕರೇ ಗೀಚಿ ಹಾಕುತ್ತಿದ್ದರು!

ಈ ಎರಡನೆಯವನು ನನಗೆ ಗಂಟುಬಿದ್ದದ್ದು ಬೆಂಗಳೂರಿನ ನಮ್ಮ ಲಗ್ಗೆರೆಯಲ್ಲಿ. ರಿಂಗ್ ರೋಡಿನ ಲಗ್ಗೆರೆ ಬ್ರಿಡ್ಜ್ ಬಿಟ್ಟು ಒಳಕ್ಕೆ ಬಂದರೆ, ಪೀಣ್ಯದ ಫ್ಯಾಕ್ಟರಿಗೂ ಗಾರ್ಮೆಂಟ್ಸಿಗೂ ಹೋಗಿಬರುವವರ ಬಾಡಿಗೆ ಮನೆಗಳ ನಡುವೆ ಒಂದು ಹಳೇ ಪೇಪರ್ ಅಂಗಡಿ. ತಕ್ಕಡಿಯ ಪಕ್ಕ ಎಸ್ಸೆಸ್ಸೆಲ್ಸಿ ಗೈಡುಗಳು, ರಟ್ಟಿನ ಪೆಟ್ಟಿಗೆಗಳು, ಸೆಣಬಿನ ದಾರ ಕಟ್ಟಿದ ಹಳೇ ಸುಧಾ, ತರಂಗಗಳು. ಅದರಡಿ ಮೂಲೆ ಸವೆದ, ದಪ್ಪ ರಟ್ಟಿನ ಒಂದು ಪುಸ್ತಕ: ‘ದ ಬೀನೋ ಬುಕ್’. ಕ್ರಿಸ್‌ಮಸ್ಸಿಗೆ ಮಕ್ಕಳ ಕೈಗೆ ಬೀಳಲಿ ಅಂತ ಆ ಪತ್ರಿಕೆಯವರು ವರ್ಷಕ್ಕೊಂದು ಸಲ ತರುವ ವಿಶೇಷ ಸಂಚಿಕೆ. ಯಾವ ಕಾನ್ವೆಂಟಿನ ಲೈಬ್ರರಿಯಿಂದ ಬಂತೋ, ಯಾರ ಮನೆ ಅಟ್ಟದಿಂದ ಇಳಿಯಿತೋ! “ಬಣ್ಣದ್ದು ಸಾರ್, ಮಕ್ಕಳಿಗಾಗುತ್ತೆ. ತೂಕಕ್ಕೇ ಹಾಕ್ತೀನಿ, ತಗೊಳ್ಳಿ” ಅಂದ ಅಂಗಡಿಯಾತ. ತಗೊಂಡೆ. ಆ ರಾತ್ರಿ ನಿದ್ದೆ ಕೆಟ್ಟಿತು.

ಎಂಥಾ ಗ್ಯಾಂಗು ಅಂತೀರಿ! ಡೆನಿಸ್‌ನ ಹಿಂದೆಯೇ, 1953ರಲ್ಲಿ, ಮಿನ್ನಿ ದ ಮಿಂಕ್ಸ್ ಬಂದಳು. ಗಂಡುಹುಡುಗರ ಗುಂಪನ್ನೇ ಅಟ್ಟಿಸಿಕೊಂಡು ಹೋಗಿ ಬಾರಿಸುವ ಬಜಾರಿ. ಅದೇ ವರ್ಷ ರೋಜರ್ ದ ಡಾಡ್ಜರ್. ಹೋಂವರ್ಕ್ ತಪ್ಪಿಸಿಕೊಳ್ಳಲು ಹೋಂವರ್ಕಿಗಿಂತ ಹತ್ತುಪಟ್ಟು ಬೆವರು ಸುರಿಸುವವನು. 1954ರಲ್ಲಿ ಬ್ಯಾಷ್ ಸ್ಟ್ರೀಟ್ ಶಾಲೆಯ ಒಂದಿಡೀ ಕ್ಲಾಸು. ಅದೇ ಕಂಪನಿಯ ಪಕ್ಕದ ಪತ್ರಿಕೆ ‘ದ ಡ್ಯಾಂಡಿ’ಯಲ್ಲಿ ಇವರಿಗೆಲ್ಲ ದೊಡ್ಡಣ್ಣ, 1937ರ ಡೆಸ್ಪರೇಟ್ ಡ್ಯಾನ್. ಗಡ್ಡ ಬೋಳಿಸಲು ಅವನಿಗೆ ಬೆಂಕಿ ಉಗುಳುವ ಬ್ಲೋಟಾರ್ಚೇ ಬೇಕು. ಊಟಕ್ಕೆ ಇಡೀ ಹಸುವನ್ನೇ ತುಂಬಿ ಬೇಯಿಸಿದ ಕಡುಬು, ಎರಡು ಕೊಂಬು ಹೊರಕ್ಕೆ ಚಾಚಿಕೊಂಡೇ ಇರುತ್ತವೆ!

ಮಿನ್ನಿಯನ್ನೂ ಬ್ಯಾಷ್ ಸ್ಟ್ರೀಟಿನ ಪುಂಡರನ್ನೂ ಬರೆದವರು ಲಿಯೋ ಬ್ಯಾಕ್ಸೆಂಡೇಲ್. ಇವರ ಒಂದು ಪುಟದ ಮೇಲೆ ಬೆರಳಿಟ್ಟು ಕೂತರೆ ಕಾಲು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಶಾಲೆಯ ಗಂಟೆ ಹೊಡೆದಿದೆ, ಮಕ್ಕಳು ಬಾಗಿಲು ಕಿತ್ತುಕೊಂಡು ನುಗ್ಗಿದ್ದಾರೆ. ಎಣಿಸಲಾಗದಷ್ಟು ತಲೆ. ಒಂದು ತಲೆಯೂ ಸುಮ್ಮನಿಲ್ಲ. ಒಬ್ಬ ಇನ್ನೊಬ್ಬನ ಕಿವಿ ಹಿಂಡುತ್ತಿದ್ದಾನೆ, ಆ ಇನ್ನೊಬ್ಬನ ಕಾಲು ಮೂರನೆಯವನ ಹೊಟ್ಟೆಯ ಮೇಲಿದೆ, ಮೂರನೆಯವನು ಅಷ್ಟರಲ್ಲೂ ಏನೋ ಜಗಿಯುತ್ತಿದ್ದಾನೆ. ಮುಖ್ಯ ಕಥೆ ಎಲ್ಲೋ ನಡುವೆ ನಡೆದಿರುತ್ತದೆ. ಮೂಲೆಮೂಲೆಯಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಹತ್ತು ಕಥೆ. ಸಣ್ಣ ಅಕ್ಷರ ಓದುವ ಮೊದಲೇ ಕಣ್ಣು ನಗತೊಡಗುತ್ತದೆ.

ಅಕ್ಷರ ಬೇಡವೇ ಬೇಡ ಅನ್ನುವುದಕ್ಕೆ ನಮ್ಮ ವಠಾರದಲ್ಲೇ ಸಾಕ್ಷಿಯಿದೆ. ಬಾಗಲಕೋಟೆ ಕಡೆಯಿಂದ ಬಂದವರ ಮನೆಯ ಪುಟ್ಟ ಹುಡುಗಿ, ಇನ್ನೂ ಕಾಗುಣಿತ ಕೂಡಿಸುತ್ತಿರುವವಳು, ಮೆಟ್ಟಿಲ ಮೇಲೆ ಪುಸ್ತಕ ಹರವಿಕೊಂಡು ಕೂತಳು. ಡೆನಿಸ್‌ನ ನಾಯಿ ನ್ಯಾಷರ್ ಬರುವ ಪುಟದಲ್ಲಿ ನಿಂತಳು. ಹುಡುಗನನ್ನೊಮ್ಮೆ ನೋಡಿದಳು, ನಾಯಿಯನ್ನೊಮ್ಮೆ ನೋಡಿದಳು. “ಅಂಕಲ್, ಈ ನಾಯಿ ಅವನ ತಲಿಗೂದಲ ಅದ ನೋಡ್ರಿ! ಕಾಲು ಹಚ್ಯಾರ ಅಷ್ಟ!”

ನಾನು ಬೆಪ್ಪಾಗಿ ಕೂತೆ. ಯಾಕೆಂದರೆ ಅದು ನಿಜ, ಅಕ್ಷರಶಃ ನಿಜ! 1968ರಲ್ಲಿ ಡೆನಿಸ್‌ಗೊಂದು ನಾಯಿ ಬೇಕು ಅಂದಾಗ, ಹೇಗೆ ಬರೆಯಲಿ ಅಂತ ಯೋಚಿಸುತ್ತಿದ್ದ ಕಲಾವಿದ ಡೇವಿಡ್ ಲಾಗೆ ಕಚೇರಿಯಲ್ಲಿ ಸಿಕ್ಕ ಸಲಹೆ ಅದೇ. ಡೆನಿಸ್‌ನ ಕೂದಲು ಬರಿ, ನಾಲ್ಕು ಮೂಲೆಗೆ ನಾಲ್ಕು ಕಾಲು ಇಡು, ಮುಂದೆರಡು ಕಣ್ಣು ಹಾಕು. ಆಯ್ತು ನಾಯಿ! ಹುಡುಗನ ಹುಟ್ಟೂ ಅಷ್ಟೇ ಸಲೀಸು. ಪತ್ರಿಕೆಯ ಇಯಾನ್ ಚಿಸಮ್ ಪಬ್ಬಿನಲ್ಲಿ ಕೂತು ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಗೀಚಿ ತೋರಿಸಿದ ಮುಖ ಅದು. ಸಿಗರೇಟ್ ಪ್ಯಾಕಿನಿಂದ ಎದ್ದ ಹುಡುಗನಿಗೆ ಈಗ ಎಪ್ಪತ್ತು ದಾಟಿದೆ, ಇವತ್ತಿಗೂ ಚಡ್ಡಿಯಲ್ಲೇ ಇದ್ದಾನೆ.

ಇಲ್ಲೇ ಇರುವುದು ಗಮ್ಮತ್ತು. ಇವರ್ಯಾರೂ ಬೆಳೆಯುವುದಿಲ್ಲ, ಇವರ್ಯಾರಿಗೂ ಬುದ್ಧಿ ಬರುವುದಿಲ್ಲ. ಮೊದಲ ಚೌಕದಲ್ಲಿ ಡೆನಿಸ್‌ನ ಕೈಯಲ್ಲಿ ಕ್ಯಾಟರ್‌ಬಿಲ್ಲು, ಕೊನೆಯ ಚೌಕದಲ್ಲಿ ಅವನು ಅಪ್ಪನ ತೊಡೆಯ ಮೇಲೆ ಬೋರಲು, ಅಪ್ಪನ ಕೈಯಲ್ಲಿ ಚಪ್ಪಲಿ. (ಈ ಹೊಡೆತವನ್ನು 1980ರ ದಶಕದಲ್ಲಿ ಕೈಬಿಟ್ಟರು. ಒಳ್ಳೆಯದಾಯ್ತು.) ಮುಂದಿನ ವಾರ? ಬಾಸುಂಡೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ, ಮತ್ತೆ ಕ್ಯಾಟರ್‌ಬಿಲ್ಲು! ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದನ್ನೇ ಬಂಡವಾಳ ಮಾಡಿಕೊಂಡ ಪತ್ರಿಕೆಗಳಿವು. 1950ರ ಸುಮಾರಿಗೆ ಬೀನೋ ವಾರಕ್ಕೆ ಹತ್ತಿರ ಹತ್ತಿರ 20 ಲಕ್ಷ ಪ್ರತಿ ಖರ್ಚಾಗುತ್ತಿತ್ತು. ಅಂದರೆ ಡೆನಿಸ್ ಹುಟ್ಟುವ ಮುಂಚೆಯೇ!

ಈ ಗುಟ್ಟು ಮೊದಲು ಯಾರಿಗೆ ಹೊಳೆಯಿತು ಅಂತ ಹಿಂದಕ್ಕೆ ಹೋದರೆ 1867ಕ್ಕೆ ಹೋಗಿ ನಿಲ್ಲುತ್ತೇವೆ. ಲಂಡನ್ನಿನ ‘ಜೂಡಿ’ ಪತ್ರಿಕೆಯ ಆಲಿ ಸ್ಲೋಪರ್. ಉಬ್ಬಿದ ಮೂಗು, ಜಜ್ಜಿದ ಟೋಪಿ, ಕಿಸೆ ಯಾವತ್ತೂ ಖಾಲಿ. ಬಾಡಿಗೆ ವಸೂಲಿಗೆ ಬಂದರೆ ಹಿಂದಿನ ಸಂದಿಯಿಂದ ಪರಾರಿ! ತಿಂಗಳ ಮೊದಲ ವಾರ ಲಗ್ಗೆರೆಯ ಸಂದಿಗಳಲ್ಲಿ ಇಂಥವರನ್ನು ನೋಡಬಹುದು, ಮೂಗು ಮಾತ್ರ ಬೇರೆ. ಅವನನ್ನು ಶುರುಮಾಡಿದವರು ಚಾರ್ಲ್ಸ್ ರಾಸ್. ಮುಂದೆ ವರ್ಷಗಟ್ಟಲೆ ಬರೆದು ಬೆಳೆಸಿದ್ದು ಒಬ್ಬ ಹೆಂಗಸು, ಮಾರಿ ದೂವಾಲ್. ನೂರೈವತ್ತು ವರ್ಷದ ಹಿಂದೆ, ಹೆಣ್ಣುಮಗಳೊಬ್ಬಳ ಕೈಯಲ್ಲಿ ಈ ಕಲೆ ಬೆಳೆದಿದೆ! 1884ರಲ್ಲಿ ಅವನ ಹೆಸರಿನಲ್ಲೇ ಒಂದು ಪತ್ರಿಕೆ ಬಂತು. ಹೀರೋನೇ ಪತ್ರಿಕೆಯ ಹೆಸರಾಗಿಬಿಟ್ಟ!

ಪಾತ್ರಗಳು ಹೀಗೆ ಮೆರೆದರೆ ಬರೆದವರು? ಬಹುಪಾಲು ಅನಾಮಧೇಯರು. ಡಂಡೀ ಕಂಪನಿಯಲ್ಲಿ ಕಲಾವಿದರು ಸಹಿ ಹಾಕುವಂತಿರಲಿಲ್ಲ. ಡಡ್ಲಿ ವಾಟ್ಕಿನ್ಸ್ ಒಬ್ಬರಿಗೆ ಆ ರಿಯಾಯಿತಿ ಸಿಕ್ಕಿತ್ತು. ಡೆಸ್ಪರೇಟ್ ಡ್ಯಾನ್ ಅವರದೇ ಕೂಸು. 1969ರ ಆಗಸ್ಟಿನಲ್ಲಿ ಅವರು ತೀರಿಕೊಂಡದ್ದು ಬರೆಯುವ ಹಲಗೆಯ ಮುಂದೆಯೇ. ಮುಂದಿನ ಮಾತು ಕೇಳಿ ನಾನು ಎದ್ದು ಕೂತೆ. ಕಂಪನಿ ಅವರ ಹಳೆಯ ಡ್ಯಾನ್ ಪುಟಗಳನ್ನೇ ತಿರುಗಿ ತಿರುಗಿ 14 ವರ್ಷ ಅಚ್ಚುಹಾಕಿತು. ವಯಸ್ಸೇ ಆಗದ ಪಾತ್ರವಲ್ಲವೇ, ಕಥೆ ಹಳೆಯದು ಅಂತ ಕಂಡುಹಿಡಿಯಲು ಮಕ್ಕಳಿಗೆ ಗುರುತೇ ಇರಲಿಲ್ಲ! ಬ್ಯಾಕ್ಸೆಂಡೇಲ್ ಸಾಧುವಲ್ಲ. 1962ರಲ್ಲಿ ಕೆಲಸ ಬಿಟ್ಟರು, ಆಮೇಲೆ ತಾನು ಹುಟ್ಟಿಸಿದ ಮಕ್ಕಳ ಹಕ್ಕಿಗಾಗಿ ಕಂಪನಿಯ ಮೇಲೆ ಕೇಸು ಹಾಕಿದರು. ರಾಜಿಯಾದದ್ದು 1987ರಲ್ಲಿ. ಅವರು ಬಿಟ್ಟುಹೋದ ಬ್ಯಾಷ್ ಸ್ಟ್ರೀಟನ್ನು ಎತ್ತಿಕೊಂಡ ಡೇವಿಡ್ ಸದರ್ಲೆಂಡ್ 2023ರ ಜನವರಿಯಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಸುಮಾರು ಅರವತ್ತು ವರ್ಷ ಅದೇ ಕ್ಲಾಸು, ಅದೇ ಮಕ್ಕಳು, ಅದೇ ಮೇಷ್ಟ್ರು!

ಹೀಗೆ ವರ್ಷಗಟ್ಟಲೆ ಒಂದೇ ಪಾತ್ರ ಬರೆದ ಕೈ ನಮ್ಮ ಮನೆಗಳಲ್ಲೂ ಇತ್ತಲ್ಲ! ಚಂದಮಾಮದ ಶಂಕರ್. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ: ಆ ಚಿತ್ರ ಕಣ್ಣಿಗೆ ಕಟ್ಟದ ಕನ್ನಡಿಗ ಯಾರಿದ್ದಾರೆ? 1949ರಿಂದ ಕನ್ನಡದಲ್ಲಿ ಬಂದ ಚಂದಮಾಮಕ್ಕೆ 1950ರ ದಶಕದ ಮೊದಲಲ್ಲೇ ಸೇರಿದ ಶಂಕರ್, 2020ರಲ್ಲಿ ತೀರಿಕೊಂಡರು. ಬೇತಾಳನ ಕಥೆ ಹಳೆಯ ಲೆಕ್ಕದಲ್ಲಿ ಇರುವುದೇ ಇಪ್ಪತ್ತೈದು. ಅದು ಮುಗಿದ ಮೇಲೂ ಚಂದಮಾಮದವರು ನಿಲ್ಲಿಸಲಿಲ್ಲ, ಹೊಸ ಹೊಸ ಕಥೆ ಹೆಣೆದು ದಶಕಗಟ್ಟಲೆ ಅದೇ ಹೆಗಲಿಗೆ ಹೇರಿದರು. ರಾಜ ಮಾತಾಡಿದರೆ ಹೆಣ ಮರಕ್ಕೆ ವಾಪಸ್ಸು ಅಂತ ಅವನಿಗೂ ಗೊತ್ತು, ನಮಗೂ ಗೊತ್ತು. ಆದರೂ ಪ್ರತಿ ತಿಂಗಳು ಬಾಯಿ ಬಿಡುತ್ತಾನೆ! ಪಟ್ಟೆ ಸ್ವೆಟರಿನ ಡೆನಿಸ್‌ಗಿಂತ ಈ ತ್ರಿವಿಕ್ರಮ ಯಾವುದರಲ್ಲಿ ಕಡಿಮೆ? ಛಲ ಬಿಡಲಿಲ್ಲ, ಬುದ್ಧಿಯನ್ನೂ ಕಲಿಯಲಿಲ್ಲ.

ಈಗ 1951ಕ್ಕೇ ವಾಪಸ್ಸು ಬನ್ನಿ. ಇಬ್ಬರು ಡೆನಿಸರು ಹುಟ್ಟಿದ ಅದೇ ವರ್ಷ ಬೊಂಬಾಯಿಯ ಟೈಮ್ಸ್ ಆಫ್ ಇಂಡಿಯಾದಲ್ಲಿ ಒಂದು ದಿನಚಿತ್ರ ಶುರುವಾಯಿತು: ‘ಯೂ ಸೆಡ್ ಇಟ್’. ಬರೆದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಓದಲು ಬರುವ ಮುಂಚೆಯೇ ಸ್ಟ್ರ್ಯಾಂಡ್, ಪಂಚ್, ಟಿಟ್-ಬಿಟ್ಸ್ ಮುಂತಾದ ಬ್ರಿಟಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿಹೋಗಿದ್ದ ಹುಡುಗ. ಲಂಡನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅಂದರೆ ಪ್ರಾಣ. ಆದರೆ ಆ ಸಹಿಯನ್ನು ಬಹಳ ದಿನ ‘ಕೌ’ ಅಂತಲೇ ಓದಿಕೊಂಡಿದ್ದರಂತೆ! ಕಾಲೇಜು ದಿನಗಳಲ್ಲಿ ಅವರ ಗೆರೆಗೆ ಜಾಗ ಕೊಟ್ಟದ್ದು ನಮ್ಮ ‘ಕೊರವಂಜಿ’. ಮೆಜೆಸ್ಟಿಕ್ ಹತ್ತಿರ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರುಮಾಡಿದ ನಗೆಪತ್ರಿಕೆ.

ಬ್ಯಾಕ್ಸೆಂಡೇಲ್ ಪುಟಕ್ಕೆ ಜನ ತುಂಬಿದರು. ಲಕ್ಷ್ಮಣ್ ತದ್ವಿರುದ್ಧ. ಮೊದಮೊದಲು ದೇಶವನ್ನು ತೋರಿಸಬೇಕಾದರೆ ಬಂಗಾಳಿ, ಪಂಜಾಬಿ, ತಮಿಳ ಅಂತ ಹಿಂಡು ಹಿಂಡು ಬರೆಯುತ್ತಿದ್ದರು. ದಿನಾ ಚಿತ್ರ ಕೊಡುವ ಅವಸರದಲ್ಲಿ ಒಬ್ಬೊಬ್ಬರನ್ನೇ ಕಳಿಸುತ್ತ ಕಳಿಸುತ್ತ ಕೊನೆಗೆ ಒಬ್ಬ ಉಳಿದ. ಚೌಕಳಿ ಕೋಟು, ಧೋತರ, ದುಂಡು ಕನ್ನಡಕ. ಅವನೇ ಶ್ರೀಸಾಮಾನ್ಯ! ಅರ್ಧ ಶತಮಾನ ಒಂದು ಮಾತಾಡಲಿಲ್ಲ, ಒಂದು ಕೂದಲು ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. 1954ರಲ್ಲಿ ಅದೇ ಕೈ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಗಟ್ಟುವನ್ನು ಡೆನಿಸ್‌ನ ಪಕ್ಕ ನಿಲ್ಲಿಸಿ ನೋಡಿ. ಹಣೆ ಮೇಲೆ ಬಿದ್ದ ಕೂದಲು, ಬಣ್ಣ ಸೋರುವ ಬ್ರಷ್ಷು, ‘ನಾನೇನು ಮಾಡಿದೆ?’ ಅನ್ನುವ ಮುಖ. ದಾಯಾದಿಗಳು! 2002ರಲ್ಲಿ ಕಂಪನಿ ಅವನನ್ನು ಮನೆಗೆ ಕಳಿಸುವ ತನಕ ಊರೂರಿನ ಪೇಂಟ್ ಅಂಗಡಿ ಅವನದೇ ಅಡ್ಡಾ ಆಗಿತ್ತು.

ಬೀನೋದ ಹಳೆಯ ಪುಟಗಳಲ್ಲಿ ಎಲ್ಲವೂ ನಗುವಂಥದ್ದಲ್ಲ, ಹೇಳಿಬಿಡುತ್ತೇನೆ. 1938ರ ಮೊದಲ ಸಂಚಿಕೆಯ ಮುಖಪುಟದ ಹೆಸರಿನ ಪಕ್ಕದಲ್ಲೇ ಕರಿಯ ಹುಡುಗನೊಬ್ಬನನ್ನು ಕಲ್ಲಂಗಡಿ ಹಣ್ಣು ಕೊಟ್ಟು ಕೂರಿಸಿದ್ದಾರೆ, ತುಟಿ ದಪ್ಪ ಮಾಡಿ, ಗೇಲಿಗೆಂದೇ. ಅಮೆರಿಕದ ಮೂಲನಿವಾಸಿಗಳ ಮೇಲೂ ಅಂಥದೇ ಕುಚೋದ್ಯ. ಸಾಹೇಬರ ನಗುವಿನ ತುದಿ ಎತ್ತ ತಿರುಗುತ್ತಿತ್ತು ಅನ್ನುವುದು ನಮಗೆ ಯಾರೂ ಕಲಿಸಬೇಕಿಲ್ಲ. ಆ ನಗು ಹುಟ್ಟಿದ ಡಂಡೀ ಊರು ದುಡ್ಡು ಕಂಡದ್ದೇ ಸೆಣಬಿನಿಂದ. ಬಂಗಾಳದ ಸೆಣಬು ಹಡಗು ಹತ್ತಿ ಹೋಗಿ ಅಲ್ಲಿ ಗೋಣಿಚೀಲವಾಗುತ್ತಿತ್ತು. ಆ ಊರಿನ ಪುಸ್ತಕ ಲಗ್ಗೆರೆಯಲ್ಲಿ ಸೆಣಬಿನ ದಾರದ ಕಟ್ಟಿನಡಿ ಸಿಕ್ಕಿದೆಯಲ್ಲ! ಇದನ್ನು ಹೊಂದಿಸಿದವರು ಯಾರು ಸ್ವಾಮಿ?

ಪಾತ್ರಗಳಿಗೆ ವಯಸ್ಸಾಗದಿದ್ದರೂ ಪತ್ರಿಕೆಗಳಿಗೆ ಆಗುತ್ತದೆ. ಡ್ಯಾಂಡಿಯ ಮುದ್ರಿತ ಸಂಚಿಕೆ ತನ್ನ 75ನೇ ಹುಟ್ಟುಹಬ್ಬದ ದಿನವೇ, 2012ರ ಡಿಸೆಂಬರ್ 4ಕ್ಕೆ, ನಿಂತಿತು. ಅದೇ ವರ್ಷ ಕೇರಳದಲ್ಲಿ ಮಲಯಾಳಂ ‘ಬಾಲಮಂಗಳಂ’ ಬಾಗಿಲು ಹಾಕಿತು. ಅದರ ಕನ್ನಡ ಒಡಹುಟ್ಟು ‘ಬಾಲಮಂಗಳ’ ಓದಿ ಬೆಳೆದವರಿಗೆ ಡಿಂಗನ ನೆನಪು ಮಾಡಿಕೊಡಬೇಕಿಲ್ಲ. ಅನ್ಯಗ್ರಹದವರು ಹೊತ್ತುಕೊಂಡು ಹೋಗಿ ಪ್ರಯೋಗ ಮಾಡಿ ಬಿಟ್ಟಮೇಲೆ ಶಕ್ತಿ ಬಂದ ಇಲಿ, ಕಾಡಿನ ಕಾವಲುಗಾರ. 1983ರಲ್ಲಿ ಎನ್. ಸೋಮಶೇಖರನ್ ಕಥೆ ಕೊಟ್ಟರು, ಬೇಬಿ ಚಿತ್ರ ಬರೆದರು, ಮಲಯಾಳದಲ್ಲಿ ಅವನು ಡಿಂಕನ್. ಪತ್ರಿಕೆ ಹೋದರೂ ಡಿಂಗ ಹೋಗಲಿಲ್ಲ. ಧರ್ಮದ ಹೆಸರಿನ ಆರ್ಭಟವನ್ನು ಅಣಕಿಸಲು ಹೊರಟ ಕೇರಳದ ವಿಚಾರವಾದಿಗಳು 2008ರಿಂದಲೇ ಅವನನ್ನು ದೇವರು ಮಾಡಿಕೊಂಡಿದ್ದರು. ಬಾಲಮಂಗಳಂ ಪವಿತ್ರಗ್ರಂಥ! ‘ಪ್ರೊಫೆಸರ್ ಡಿಂಕನ್’ ಅಂತ ಒಂದು ಸಿನಿಮಾ ಘೋಷಣೆಯಾದಾಗ, ನಮ್ಮ ದೇವರ ಹೆಸರು ಕೆಡಿಸಿದಿರಿ, ನಮ್ಮ ಭಾವನೆಗೆ ಧಕ್ಕೆಯಾಯಿತು ಅಂತ 2016ರಲ್ಲಿ ಭಕ್ತರು ಕೊಚ್ಚಿಯಲ್ಲಿ ಫಲಕ ಹಿಡಿದು ಬೀದಿಗಿಳಿದರು. ಘೋಷಣೆಗಳೆಲ್ಲ ಗಂಭೀರ, ದೇವರು ಮಾತ್ರ ಇಲಿ.