ದವಾಖಾನಿಗೆ ಜೋಡಿ ಯಾರು?

ಬೆಳಗಿನ ಹೊತ್ತು ಬನಹಟ್ಟಿ ಬಸ್ ನಿಲ್ದಾಣದಲ್ಲಿ ಮಿರಜ, ಹುಬ್ಬಳ್ಳಿ ಕಡೆ ಹೊರಟವರ ಕೈ ನೋಡಿರಿ. ದೊಡ್ಡ ಲಕೋಟೆ, ಬುತ್ತಿ ಚೀಲ, ಬಗಲಲ್ಲಿ ತಲೆ ಮೇಲೆ ಸೆರಗು ಹೊದ್ದ ಮುದುಕಿ. ಎಲ್ಲಿಗೆಂದರೆ "ಸ್ವಲ್ಪ ತೋರಿಸ್ಕೊಂಡ್ ಬರೋದೈತ್ರಿ" ಅನ್ನುತ್ತಾರೆ. ಕ್ಯಾನ್ಸರ್ ಎಂಬ ಮಾತು ಬಾಯಿಂದ ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ನಿಂತವನು. ಅವ್ವನಿಗೆ ಸೊಂಟನೋವು, ಸುಸ್ತು. ಪಿಯುಸಿ ಅರ್ಧಕ್ಕೆ ಬಿಟ್ಟರೂ ನಮ್ಮ ಮನೆಗೆ ನಾನೇ ಪಂಡಿತ, ಜೋಡಿ ಹೊರಟೆ. ಡಾಕ್ಟರು ಏನು ತ್ರಾಸ ಎಂದರೆ ಅವ್ವ "ಏನಿಲ್ರಿ" ಎಂದು ನೆಲ ನೋಡಿದಳು. ಎರಡು ಸಲ ಹೀಗೇ ಆಯಿತು, ಗುಳಿಗೆ ತಗೊಂಡು ಬಂದೆವು. ಮೂರನೇ ಸಲ ಅಕ್ಕ ಬಂದಳು, ನಾನು ಹೊರಗೆ ಕುಂತೆ. ಮುಟ್ಟು ನಿಂತು ಹತ್ತು ವರ್ಷವಾದ ಮೇಲೂ ಆರು ತಿಂಗಳಿಂದ ರಕ್ತ ಹೋಗುತ್ತಿತ್ತಂತೆ. ಮಗನ ಮುಂದ ಹ್ಯಾಂಗ ಹೇಳ್ಯಾಳು? ತುಣುಕು ತೆಗೆದು ಪರೀಕ್ಷೆ ಮಾಡಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್.

ಇದಕ್ಕೆ ಕರೆಂಟ್ ಕೊಡುವುದು (ರೇಡಿಯೇಷನ್‌ಗೆ ನಮ್ಮ ಜನ ಇಟ್ಟ ಹೆಸರು) ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 25 ಸಲ. ವಾರಕ್ಕೊಮ್ಮೆ ಕಿಮೋ ಸಲಾಯಿನ್. ಅದಕ್ಕೂ ಮುಂಚೆ ರಕ್ತ ಪರೀಕ್ಷೆ. ರಕ್ತದ ಎಣಿಕೆ ಕಡಿಮೆ ಬಂದರೆ ಆ ಸಲಾಯಿನ್ ಮುಂದಕ್ಕೆ. ಹಳೇ ವರದಿ ಮನೆಯಲ್ಲೇ ಮರೆತು ಒಂದು ದಿನ ಹಾಳು ಮಾಡಿದವ ನಾನೇ. ಅಕ್ಕ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಕೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ಬರೆದಿಟ್ಟು, ಡಾಕ್ಟರು ಎದ್ದರೂ ಬಿಡದೆ ಕೇಳುತ್ತಿದ್ದಳು.

ಅಕ್ಕ ಬಂದರೆ ಮನೆಯಲ್ಲಿ ಕಂಡಕಿ ಸುತ್ತುವವರಿಲ್ಲ, ಭಾವನ ಮಗ್ಗ ನಿಲ್ಲುತ್ತದೆ. ನಮ್ಮಲ್ಲಿ ಸೀರೆ ಲೆಕ್ಕದ ಮಜೂರಿ, ನಿಂತ ಮಗ್ಗಕ್ಕೆ ಯಾರು ಕೊಡುತ್ತಾರೆ? ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಜೋಡಿ ಹೋದವರ ಮಜೂರಿ, ಚಹಾ, ಖೋಲಿ ಬಾಡಿಗೆ ಅದರೊಳಗಿಲ್ಲ. ಬಸ್ಸಿನದೂ ಒಂದು ಕತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ನವನಗರದ ಕ್ಯಾನ್ಸರ್ ಆಸ್ಪತ್ರೆಗೆಂದು ಹುಬ್ಬಳ್ಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಲ್ಲಿ ಟಿಕೀಟಿನ ರೊಕ್ಕವಿಲ್ಲ. ಗಡಿ ದಾಟುವ ಮಿರಜ ಬಸ್ಸಿಗೆ ಅದು ನಡೆಯದು. ಹತ್ತಿರದ ಊರಿಗೆ ರೊಕ್ಕ, ದೂರದ ಊರಿಗೆ ಪುಕ್ಕಟೆ!

ಅವ್ವ ಈಗ ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತಾಳೆ. ಅಕ್ಕ ಒಳಗೆ, ನಾನು ಫೈಲು ಹಿಡಿದು ಬಾಗಿಲಲ್ಲಿ. ಹೋದ ಸಲ ಹೆಸರು ಕೂಗಿದಾಗ ಅವ್ವ ತಿರುಗಿ ನೋಡಿ, "ಇನ್ನೇನ ನಾಚಿಕಿ, ನೀನೂ ಒಳಗ ಬಾ" ಅಂದಳು.